ನಂಜುಂಡವರ ಹೊಸ ಪುರಾಣ

ಒಂದು ಗಾಜಿನ ಪ್ರನಾಳ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ನಾವೆಲ್ಲ ಕೈಜಾರಿಸಿ ಒಡೆದು ಮೇಷ್ಟರಿಂದ ಬೈಸಿಕೊಂಡ ಅದೇ ಪ್ರನಾಳ. ಅದರೊಳಗೆ ಹಾವು ಕಚ್ಚಿಸಿಕೊಂಡವನ ತೋಳಿನಿಂದ ಈಗಷ್ಟೇ ತೆಗೆದ 2 ಮಿಲಿಲೀಟರ್ ರಕ್ತ. ಅಲುಗಾಡಿಸುವಂತಿಲ್ಲ, ಮುಟ್ಟುವಂತಿಲ್ಲ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಗಡಿಯಾರ ನೋಡುತ್ತ ಕೂರಬೇಕು. ಸರಿಯಾಗಿ 20 ನಿಮಿಷ. ಆಮೇಲೆ ಮೆಲ್ಲಗೆ, ಒಂದೇ ಒಂದು ಸಲ, ಬಗ್ಗಿಸಬೇಕು.

ರಕ್ತ ಗಿಣ್ಣಿನ ಹಾಗೆ ಗಟ್ಟಿಯಾಗಿ ತಳ ಹಿಡಿದು ಕೂತಿದ್ದರೆ ಎಲ್ಲರೂ ಉಸಿರು ಬಿಡುತ್ತಾರೆ. ನೀರಿನ ಹಾಗೆ ಹರಿದು ಬಂದರೆ? ಕಚ್ಚಿದ್ದು ಕೊಳಕುಮಂಡಲವೋ ಅದರ ಬಳಗದ ಇನ್ನೊಂದು ಹಾವೋ ಇರಬೇಕು, ನಂಜು ಮೈಗೇರಿದೆ, ಮದ್ದು ಈಗಲೇ ಶುರುವಾಗಬೇಕು!

ಇಷ್ಟೇ ಪರೀಕ್ಷೆ. ಕರೆಂಟು ಬೇಡ, ಯಂತ್ರ ಬೇಡ, ಯಾರ ಪೇಟೆಂಟೂ ಇಲ್ಲ. ಆದರೆ ಪ್ರನಾಳ ಗಾಜಿನದೇ ಆಗಬೇಕು, ಒಣಗಿರಬೇಕು, ತೊಳೆದ ಸೋಪಿನ ಲವಲೇಶವೂ ಇರಬಾರದು. ಗಾಜಿನ ಮೈ ತಗುಲಿದರೇನೇ ರಕ್ತಕ್ಕೆ ಹೆಪ್ಪುಗಟ್ಟುವ ಕೆಲಸ ನೆನಪಾಗುವುದು. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಪರೀಕ್ಷೆಯೇ ಸುಳ್ಳು ಹೇಳುತ್ತದೆ. ಇಂಥ ಸಾಧಾರಣ ಗಾಜಿನ ತುಂಡೊಂದು ಜೀವ ಉಳಿಸುವ ತೀರ್ಪು ಕೊಡುತ್ತದೆ ಅನ್ನುವುದನ್ನು ಮೊದಲು ಕೇಳಿದಾಗ ನಾನು ನಂಬಲಿಲ್ಲ. ಆಮೇಲೆ ಅದರ ಹಿಂದೆ ಬಿದ್ದೆ. ಬಿದ್ದವನು ಎಲ್ಲೆಲ್ಲಿಗೋ ಹೋಗಿ ಬಂದೆ: ಕುದುರೆ ಲಾಯಕ್ಕೆ, ಬೆಂಗಳೂರಿನ ಪ್ರಯೋಗಾಲಯಕ್ಕೆ, ಸೃಷ್ಟಿಯಲ್ಲೇ ಇಲ್ಲದ ಪ್ರೋಟೀನನ್ನು ಹೆಣೆಯುವ ಕಂಪ್ಯೂಟರಿನ ಒಳಕ್ಕೆ. ಹೊರಟಿದ್ದು ಮಾತ್ರ ಹೆಮ್ಮಿಗೆಯ ಗದ್ದೆಬಯಲಿನಿಂದ.

ಕಟ್ಟೆ, ಭತ್ತ, ಇಲಿ, ಹುಳ

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಸೇರಿಸಿಕೊಂಡ ಕಾವೇರಿ ತಲಕಾಡಿನ ಕಡೆ ತಿರುಗುತ್ತಾಳೆ. ಆ ಸೀಮೆಯಲ್ಲಿ, ಹೆಮ್ಮಿಗೆಯ ಬಳಿ, ಅವಳಿಗೆ ಅಡ್ಡಲಾಗಿ ಮಲಗಿರುವುದು ವಿಜಯನಗರ ಕಾಲದ ಮಾಧವಮಂತ್ರಿ ಕಟ್ಟೆ. ಕಲ್ಲು ಜೋಡಿಸಿ ಹೊಳೆ ತಡೆದ ಆ ಮಂತ್ರಿಗೆ ತಾನು ಇನ್ನೇನನ್ನೆಲ್ಲ ಜೋಡಿಸುತ್ತಿದ್ದೇನೆಂದು ಗೊತ್ತಿತ್ತೋ ಇಲ್ಲವೋ! ಕಟ್ಟೆಯಿಂದ ನಾಲೆ. ನಾಲೆಯಿಂದ ಭತ್ತ. ಭತ್ತ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ...

ಇಲ್ಲಿ ದೀಪ ಹಚ್ಚಿದ ಮೇಲೆ ಅದರ ಹೆಸರು ಹೇಳುವುದಿಲ್ಲ. 'ಹುಳ' ಅನ್ನುತ್ತಾರೆ. ಕಚ್ಚಿತು ಅನ್ನುವುದೂ ಇಲ್ಲ, 'ಹುಳ ಮುಟ್ಟಿತು' ಅನ್ನುತ್ತಾರೆ. ಬದುವಿನ ಮೇಲೆ ಗುದ್ದಲಿ ಊರಿ ನಿಂತಿದ್ದ ಹಿರಿಯರೊಬ್ಬರನ್ನು, "ರಾತ್ರಿ ಹೊತ್ತು ನೀರು ಕಟ್ಟಕ್ಕೆ ಬರ್ತೀರಲ್ಲ ಅಣ್ಣ, ಹುಳದ ಭಯ ಇಲ್ವಾ?" ಅಂದೆ. "ನೀರಿನ ಸರದಿ ರಾತ್ರಿ ಬಂದ್ರೆ ರಾತ್ರೀನೇ ಬರ್ಬೇಕಲ್ಲಪ್ಪ" ಅಂದರು. ಬರಿಗಾಲು. ಕೈಯಲ್ಲಿ ಮಿಣುಕು ಟಾರ್ಚು.

ಆ ಬರಿಗಾಲಿನ ಲೆಕ್ಕ ದೊಡ್ಡದು. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಮಂದಿ ಎಂದು ಸಂಶೋಧಕರ ಅಂದಾಜು. ವರ್ಷಕ್ಕೆ 58,000! ಅದರಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ನಾಟಿ, ಕಳೆ, ಮಳೆಯ ತಿಂಗಳುಗಳಲ್ಲಿ. ಇಷ್ಟು ಜನರನ್ನು ಕೊಲ್ಲುವ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ನಿರ್ಲಕ್ಷಿತ ರೋಗಗಳ ಪಟ್ಟಿಯ ಮೇಲ್ಸಾಲಿಗೆ ಸೇರಿಸಿದ್ದೇ 2017ರಲ್ಲಿ. ನಿರ್ಲಕ್ಷ್ಯವನ್ನೂ ನಿರ್ಲಕ್ಷಿಸಿದ್ದರು ನೋಡಿ.

ನಂಜಿನ ಊರಿನ ನೆಂಟಸ್ತಿಕೆ

ಹೆಮ್ಮಿಗೆಯಿಂದ ನೀರಿಗೆ ಎದುರಾಗಿ ನಡೆದು ಕಪಿಲೆಯ ದಾರಿ ಹಿಡಿದರೆ ಸಿಗುವುದು ನಂಜನಗೂಡು. ಹೆಸರಿನಲ್ಲೇ ನಂಜು! ಹಾಲಾಹಲ ಕುಡಿದ ನಂಜುಂಡೇಶ್ವರನ ಊರು. ಪಟ್ಟದಾನೆಯ ಕಣ್ಣು ವಾಸಿಯಾದದ್ದಕ್ಕೆ ಟಿಪ್ಪು ಇವನನ್ನು 'ಹಕೀಂ ನಂಜುಂಡ' ಎಂದು ಕರೆದನಂತೆ. ವಿಷ ಕುಡಿದವನೇ ವೈದ್ಯ. ನಮ್ಮ ಮಾತಿನಲ್ಲೂ ನಂಜು ಎಲ್ಲೆಲ್ಲಿ ಸುಳಿಯುತ್ತದೆ! ಗಾಯ ಕೀವುಗಟ್ಟಿದರೆ ನಂಜಾಯಿತು. ಗಾಯ ಇದ್ದಾಗ ತಿನ್ನಬಾರದ್ದು ನಂಜಿನ ಪದಾರ್ಥ. ಮನಸ್ಸು ಕೆಟ್ಟವನ ಹೊಟ್ಟೆಯಲ್ಲೂ ನಂಜು.

ಆದರೆ ಹಾವಿನ ನಂಜು ಯಾವುದೋ ಒಂದು ವಿಷವಲ್ಲ. ಅದು ಹತ್ತಾರು ಪ್ರೋಟೀನುಗಳ ಮೇಳ, ಒಂದೊಂದಕ್ಕೂ ಒಂದೊಂದು ಕಸುಬು. ಕೊಳಕುಮಂಡಲದ ನಂಜಿನಲ್ಲಿರುವ ಎರಡು ಪ್ರೋಟೀನುಗಳು ರಕ್ತಕ್ಕೆ 'ಹೆಪ್ಪುಗಟ್ಟು' ಎಂದು ಸುಳ್ಳು ಆಜ್ಞೆ ಕೊಡುತ್ತವೆ. ಗಾಯವೇ ಇಲ್ಲದ ಕಡೆಯಲ್ಲೆಲ್ಲ ರಕ್ತ ಹೆಪ್ಪು ಕಟ್ಟಲು ಹೋಗಿ, ಇದ್ದಬದ್ದ ಸಾಮಗ್ರಿಯನ್ನೆಲ್ಲ ಸುರಿದು, ಕೊನೆಗೆ ನಿಜವಾದ ಗಾಯಕ್ಕೆ ಬೇಕೆಂದರೆ ಬೊಕ್ಕಸ ಬರಿದು! ಅದಕ್ಕೇ ಪ್ರನಾಳದ ರಕ್ತ ನೀರಾಗಿ ಹರಿಯುವುದು.

ಇನ್ನು ಬೆರಗಾಗಿ. 1934ರಲ್ಲಿ ಲಂಡನ್ನಿನ ವೈದ್ಯ ಆರ್. ಜಿ. ಮ್ಯಾಕ್‌ಫರ್ಲೇನ್ ಅಲ್ಲಿನ ಮೃಗಾಲಯದ ಉರಗತಜ್ಞ ಬರ್ಗೆಸ್ ಬಾರ್ನೆಟ್ ಜೊತೆ ಸೇರಿ ಇದೇ ಕೊಳಕುಮಂಡಲದ ನಂಜನ್ನು ತೀರಾ ತೆಳುವಾಗಿ ಕದಡಿ, ರಕ್ತ ಹೆಪ್ಪುಗಟ್ಟದ ಹುಟ್ಟುಕಾಯಿಲೆ ಇರುವವನ ಹಲ್ಲು ಕಿತ್ತ ಜಾಗಕ್ಕೆ ಹಚ್ಚಿದರು. ರಕ್ತ ನಿಂತಿತು! ಮೈಗೇರಿದರೆ ರಕ್ತವನ್ನು ನೀರು ಮಾಡುವ ನಂಜು ಗಾಯದ ಬಾಯಿಗೆ ಹಚ್ಚಿದರೆ ಅದನ್ನೇ ಕಟ್ಟಿ ನಿಲ್ಲಿಸಿತು. ಇವತ್ತಿಗೂ ರಕ್ತಕ್ಕೆ ಸಂಬಂಧಿಸಿದ ಒಂದು ಕಾಯಿಲೆಯ ತಪಾಸಣೆಗೆ ಜಗತ್ತಿನ ಲ್ಯಾಬುಗಳು ಬಳಸುವುದು ಕೊಳಕುಮಂಡಲದ ನಂಜನ್ನೇ.

ಹಳ್ಳಿಯ ಹಿರಿಯರು ಬಿ.ಪಿ.ಗೆ ನುಂಗುವ ಗುಳಿಗೆಗಳಲ್ಲಿ ಒಂದು ದೊಡ್ಡ ಸಂಸಾರವಿದೆ. ಆ ಸಂಸಾರದ ಮೂಲಪುರುಷ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್‌ನ ಜರರಾಕಾ ಎಂಬ ಮಂಡಲದ ಹಾವಿನ ನಂಜನ್ನು ಕೆದಕಿ ಕಲಿತ ಪಾಠದಿಂದ. ಅಮೆರಿಕದಲ್ಲಿ 1981ರಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿತು. ಹಾವನ್ನು ಕಂಡರೆ ಮೂರು ಮಾರು ಓಡುವ ಅಜ್ಜ ದಿನಾ ಬೆಳಿಗ್ಗೆ ಹಾವಿನ ಉಪಕಾರವನ್ನೇ ನೀರಿನ ಜೊತೆ ನುಂಗುತ್ತಿರಬಹುದು!

ನೆಂಟಸ್ತಿಕೆ ಹೆಸರುಗಳಲ್ಲೂ ಇದೆ. ಕಟ್ಟುಹಾವಿನ ಕುಲದ ವೈಜ್ಞಾನಿಕ ಹೆಸರು ಬುಂಗಾರಸ್. ಲ್ಯಾಟಿನ್ ಅಂದುಕೊಂಡಿರಾ? ಅಲ್ಲ, ಅದು ತೆಲುಗಿನ 'ಬಂಗಾರು', ನಮ್ಮ ಬಂಗಾರವೇ! ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಪ್ಯಾಟ್ರಿಕ್ ರಸೆಲ್ 1796ರ ತನ್ನ ಪುಸ್ತಕದಲ್ಲಿ ಬರೆದುಕೊಂಡ ಜನರ ಬಾಯಿಮಾತೇ ವಿಜ್ಞಾನದ ಹೆಸರಾಯಿತು. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಇವನ ಹೆಸರೇ ಅಂಟಿದೆ. ಪಶ್ಚಿಮಘಟ್ಟದ ಕಾಳಿಂಗಕ್ಕೆ 2024ರಲ್ಲಿ ಸಿಕ್ಕ ಹೊಸ ಹೆಸರಂತೂ ಅಚ್ಚ ಕನ್ನಡ: ಓಫಿಯೋಫೇಗಸ್ ಕಾಳಿಂಗ.

ಸೀಸೆಯೊಳಗಿನ ಕುದುರೆ

ಈಗ ಆಸ್ಪತ್ರೆಯ ಫ್ರಿಜ್ಜಿನಲ್ಲಿರುವ ಮದ್ದಿನ ಸೀಸೆಯನ್ನು ಕೈಗೆತ್ತಿಕೊಳ್ಳಿ. ಒಳಗೆ ಬೆಳ್ಳನೆಯ ಪುಡಿ. ನೀರು ಬೆರೆಸಿದರೆ 10 ಮಿಲಿಲೀಟರ್. ಮೇಲಿನ ಚೀಟಿ ಹೇಳುತ್ತದೆ: ಒಂದು ಮಿಲಿಲೀಟರ್ ಮದ್ದು ಕೊಳಕುಮಂಡಲದ 0.6 ಮಿಲಿಗ್ರಾಂ ನಂಜನ್ನು ನಿಷ್ಕ್ರಿಯಗೊಳಿಸುತ್ತದೆ. ಅಂದರೆ ಸೀಸೆಗೆ 6 ಮಿಲಿಗ್ರಾಂ. ಒಂದು ಕಡಿತದಲ್ಲಿ ಆ ಹಾವು ಸರಾಸರಿ ಇಳಿಸುವ ನಂಜು ಸುಮಾರು 63 ಮಿಲಿಗ್ರಾಂ. ಭಾಗಿಸಿ ನೋಡಿ. ವೈದ್ಯರು ಒಂದೇ ಸಲಕ್ಕೆ ಎಂಟು-ಹತ್ತು ಸೀಸೆ ಏರಿಸುವುದು ಯಾಕೆಂದು ನಾಲ್ಕನೇ ಕ್ಲಾಸಿನ ಗಣಿತದಲ್ಲೇ ಗೊತ್ತಾಗುತ್ತದೆ!

ಆ ಪುಡಿ ಬಂದಿದ್ದು ಕುದುರೆಯ ರಕ್ತದಿಂದ. ಕುದುರೆಗೆ ಸಹಿಸುವಷ್ಟೇ ನಂಜು ಕೊಡುತ್ತ ಹೋಗುತ್ತಾರೆ. ಅದರ ಮೈ ನಂಜನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳನ್ನು ಸೋಸಿ ತೆಗೆದದ್ದೇ ಮದ್ದು. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ತೋರಿಸಿದ ದಾರಿ ಇದು. ರೇಡಿಯೋ ಬಂತು, ಟಿವಿ ಬಂತು, ಚಂದ್ರನ ಮೇಲೆ ಕಾಲಿಟ್ಟದ್ದಾಯಿತು. ಹಾವಿನ ಮದ್ದು ಮಾತ್ರ ಇನ್ನೂ ಅದೇ ಕುದುರೆ ಏರಿ ಬರುತ್ತಿದೆ. ಕೋಟ್ಯಂತರ ಜೀವ ನಂಬಿರುವ ಈ ಮದ್ದಿಗೆ ಎರಡು ಕೊರತೆ. ಕುದುರೆಯ ಪ್ರೋಟೀನು ಕೆಲವರ ಮೈಗೆ ಒಗ್ಗುವುದಿಲ್ಲ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡೇ ಕೊಡಬೇಕು. ಇನ್ನೊಂದು ಕೊರತೆ ಅದಕ್ಕಿಂತ ವಿಚಿತ್ರ.

ಮದ್ದು ತಯಾರಿಸಲು ಬೇಕಾದ ನಂಜಿನ ಬಹುಪಾಲು ಬರುವುದು ತಮಿಳುನಾಡಿನ ವಡನೆಮ್ಮೇಲಿಯ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಉರಗತಜ್ಞ ರೋಮುಲಸ್ ವಿಟೇಕರ್ ಮುಂದೆ ನಿಂತು ಕಟ್ಟಿಸಿದ ಸಂಘ. ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಕೈಗಳು ಹಾವನ್ನು ಕೊಲ್ಲದೆ ನಂಜು ಹಿಂಡಿ ಮತ್ತೆ ಕಾಡಿಗೆ ಬಿಡುವ ಕೈಗಳಾದವು. ಇದೇ ಒಂದು ಅದ್ಭುತ. ಆದರೆ ಅಲ್ಲಿನ ನಂಜಿನಿಂದ ಮಾಡಿದ ಮದ್ದು ಇಲ್ಲಿ ಪೂರ್ತಿ ನಾಟಬೇಕಾದರೆ ಅಲ್ಲಿನ ಹಾವಿನ ನಂಜೂ ಇಲ್ಲಿನ ಹಾವಿನ ನಂಜೂ ಒಂದೇ ಇರಬೇಕು. ಒಂದೇನಾ?

ಅಲ್ಲ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ದೇಶದ 34 ಜಾಗಗಳಿಂದ 115 ಕೊಳಕುಮಂಡಲಗಳ ನಂಜು ತರಿಸಿ ಬಿಡಿಸಿ ನೋಡಿತು. 2025ರಲ್ಲಿ ಹೊರಬಂದ ಆ ಸಂಶೋಧನೆ ಹೇಳುವುದೇನು ಗೊತ್ತೇ? ಮಳೆ ಮತ್ತು ಬಿಸಿಲು ನಂಜಿನ ಗುಣವನ್ನು ತಿದ್ದುತ್ತವೆ. ಒಣಸೀಮೆಯ ಹಾವಿನಲ್ಲಿ ಮಾಂಸ ಕರಗಿಸುವ ಪ್ರೋಟೀನುಗಳ ಆರ್ಭಟ ಹೆಚ್ಚು. ಮಣ್ಣು ನೋಡಿ ಅಕ್ಕಿಯ ರುಚಿ ಹೇಳುವ ಹಾಗೆ, ಹವೆ ನೋಡಿ ನಂಜಿನ ಬಗೆಯನ್ನು ಊಹಿಸುವ ನಕ್ಷೆ! ಆ ನಕ್ಷೆಯನ್ನು ಅವರು ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ಯಾರು ಬೇಕಾದರೂ ಕಾಸು ಕೊಡದೆ ಓದಬಹುದಾದ ವಿಜ್ಞಾನ ಪತ್ರಿಕೆಯಲ್ಲಿ ಹರವಿಟ್ಟರು.

ಬೀಗ ತೆಗೆದವರು

ನನ್ನನ್ನು ಹಾವಿಗಿಂತ ಹೆಚ್ಚು ಬೆಚ್ಚಿಸಿದ್ದು ಈ ಬೀಗದ ಸಂಗತಿ. ಹಾವು ಮುಟ್ಟುವುದು ಗದ್ದೆಯವನನ್ನು, ತೋಟದ ಕೂಲಿಯವನನ್ನು, ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮಗುವನ್ನು. ಇವರ ಜೇಬಿನಿಂದ ಲಾಭ ಹುಟ್ಟುವುದಿಲ್ಲ. ಆಫ್ರಿಕಾದ ಹತ್ತು ಬಗೆಯ ಹಾವುಗಳಿಗೆ ಮದ್ದಾಗಿದ್ದ ಫಾವ್-ಆಫ್ರಿಕ್ ಎಂಬ ಒಳ್ಳೆಯ ಔಷಧವನ್ನು ಅದರ ಕಂಪನಿ ಗಿಟ್ಟುವುದಿಲ್ಲವೆಂದು 2014ರಲ್ಲಿ ನಿಲ್ಲಿಸಿಯೇ ಬಿಟ್ಟಿತು. ಮದ್ದು ಗೊತ್ತಿದ್ದೂ ಮಾಡುವವರಿಲ್ಲ!

ಇಂಥ ಕಾಯಿಲೆಗೆ ದಾರಿ ಒಂದೇ: ಒಬ್ಬೊಬ್ಬರು ಕಂಡದ್ದನ್ನು ಎಲ್ಲರ ಮುಂದೆ ಸುರಿಯುವುದು. ನಮ್ಮ ದೇಶ ಇದನ್ನು ಮೊದಲು ಕ್ಷಯಕ್ಕೆ ಪ್ರಯತ್ನಿಸಿತು. ಸಮೀರ್ ಬ್ರಹ್ಮಚಾರಿ ಅವರ ಮುಂದಾಳತ್ವದಲ್ಲಿ ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್ಐಆರ್ 2008ರಲ್ಲಿ 'ಓಪನ್ ಸೋರ್ಸ್ ಡ್ರಗ್ ಡಿಸ್ಕವರಿ' ಶುರುಮಾಡಿದಾಗ, ಕಾಲೇಜು ಹುಡುಗ-ಹುಡುಗಿಯರು ಕ್ಷಯದ ಬ್ಯಾಕ್ಟೀರಿಯಾದ ಸುಮಾರು 4,000 ಜೀನುಗಳನ್ನು ಹಂಚಿಕೊಂಡು ಕೂತು ಓದಿದರು. ಮುಯ್ಯಾಳಿನ ಹಾಗೆ! ನಿಮ್ಮ ಗದ್ದೆ ನಾಟಿಗೆ ನಾವು, ನಮ್ಮದಕ್ಕೆ ನೀವು.

ಅದೇ ಮುಯ್ಯಿ ಈಗ ಹಾವಿನ ನಂಜಿಗೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆ, ಇಂಗ್ಲೆಂಡಿನ ಲಿವರ್‌ಪೂಲ್ ಮತ್ತು ನಮ್ಮ ಬೆಂಗಳೂರಿನ ವಿಜ್ಞಾನಿಗಳು ಒಟ್ಟಿಗೆ ಒಂದು ಪ್ರತಿಕಾಯದ ಸುದ್ದಿ ಕೊಟ್ಟರು. ಹೆಸರು 95ಮ್ಯಾಟ್5. ಇದರಲ್ಲಿ ಕುದುರೆಯಿಲ್ಲ! ಮನುಷ್ಯ ಪ್ರತಿಕಾಯಗಳ ಅಪಾರ ಕಣಜವೊಂದನ್ನು ಯೀಸ್ಟ್ ಕಣಗಳ ಮೈಮೇಲೆ ಮೂಡಿಸಿ, ಕೋಟಿ ಕೋಟಿಗಳ ನಡುವಿನಿಂದ ನಂಜಿಗೆ ಅಂಟಿಕೊಳ್ಳುವ ಒಂದನ್ನು ಹೆಕ್ಕಿದರು. ನಾಗರ, ಕಟ್ಟುಹಾವು, ಆಫ್ರಿಕಾದ ಕಪ್ಪು ಮಾಂಬಾಗಳ ನಂಜಿನಲ್ಲಿ ಮೂರು ಬೆರಳು ಚಾಚಿದ ಆಕಾರದ ಪ್ರೋಟೀನು ಇದೆ. ಅದು ನರ ಮತ್ತು ಸ್ನಾಯು ಸೇರುವ ಬೀಗದ ಕಂಡಿಯಲ್ಲಿ ಕಳ್ಳಕೀಲಿಯಂತೆ ಸಿಕ್ಕಿಕೊಳ್ಳುತ್ತದೆ. ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು. 95ಮ್ಯಾಟ್5 ಮಾಡುವುದೇನೆಂದರೆ ತಾನೇ ಆ ಬೀಗದ ಕಂಡಿಯ ವೇಷ ಹಾಕಿ ಕಳ್ಳಕೀಲಿಯನ್ನು ದಾರಿಯಲ್ಲೇ ಹಿಡಿದುಕೊಳ್ಳುವುದು! ಇಲಿಗಳ ಮೇಲಿನ ಪ್ರಯೋಗದಲ್ಲಿ ಕಪ್ಪು ಮಾಂಬಾದ ನಂಜನ್ನೂ ಇದು ತಡೆಯಿತು.

ಉಸಿರು ಬಿಗಿಹಿಡಿಯಿರಿ, ಇನ್ನೂ ಇದೆ. 2025ರ ಜನವರಿಯಲ್ಲಿ, ಹಿಂದಿನ ವರ್ಷವಷ್ಟೇ ನೊಬೆಲ್ ಪಡೆದಿದ್ದ ಡೇವಿಡ್ ಬೇಕರ್ ಅವರ ಸಿಯಾಟಲ್ ಪ್ರಯೋಗಾಲಯ ಮತ್ತು ಡೆನ್ಮಾರ್ಕಿನ ತಂಡ ಸೇರಿ, ಸೃಷ್ಟಿಯಲ್ಲಿ ಯಾವ ಜೀವಿಯೂ ಎಂದೂ ತಯಾರಿಸದ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲೇ ಹೆಣೆದು ತೋರಿಸಿದವು. ಹಳೆಯ ಟಿವಿಯಲ್ಲಿ ಚಾನೆಲ್ ಸಿಗದಾಗ ಕಾಣುತ್ತಿದ್ದ ಚುಕ್ಕಿಮಳೆ ನೆನಪಿದೆಯೇ? ಆ ಬಗೆಯ ಗೊಂದಲದಿಂದ ಶುರುಮಾಡಿ, ಹಂತಹಂತವಾಗಿ ತಿದ್ದುತ್ತ, ಮೂರು ಬೆರಳಿನ ನಂಜಿಗೆ ಗಟ್ಟಿಯಾಗಿ ಕೂರುವ ಆಕಾರವನ್ನು ಯಂತ್ರವೇ ಮೂಡಿಸುತ್ತದೆ. ನಂಜು ಕೊಟ್ಟ ಇಲಿಗಳಲ್ಲಿ ನೂರಕ್ಕೆ 80ರಿಂದ 100 ಬದುಕಿದವು. ಈ ಪ್ರೋಟೀನುಗಳನ್ನು ಸೂಕ್ಷ್ಮಜೀವಿಗಳಲ್ಲಿ ಬೆಳೆಸಿ ಅಗ್ಗವಾಗಿ ತಯಾರಿಸಬಹುದೆಂಬ ಆಸೆ ಇದೆ. ಆಕಾರ ಹೆಣೆಯುವ ಆ ತಂತ್ರಾಂಶ ಯಾರಿಗಾದರೂ ಬಿಟ್ಟಿ! ಮೈಸೂರಿನ ಹಾಸ್ಟೆಲಿನಲ್ಲಿ ಕೂತ ವಿದ್ಯಾರ್ಥಿನಿಯೂ ಇಳಿಸಿಕೊಂಡು ನೋಡಬಹುದು.

ಇನ್ನೊಬ್ಬನಿದ್ದಾನೆ. ಅಮೆರಿಕದ ವಿಸ್ಕಾನ್ಸಿನ್‌ನ ಟಿಮ್ ಫ್ರೀಡಿ. ಸುಮಾರು 18 ವರ್ಷ ತಾನೇ ತನಗೆ 16 ಜಾತಿಯ ಹಾವುಗಳ ನಂಜನ್ನು 800ಕ್ಕೂ ಹೆಚ್ಚು ಸಲ ಏರಿಸಿಕೊಂಡ. ಕುದುರೆಯ ಜಾಗದಲ್ಲಿ ತಾನೇ ನಿಂತ! ಅವನ ರಕ್ತದಿಂದ ಹೆಕ್ಕಿದ ಎರಡು ಪ್ರತಿಕಾಯಗಳಿಗೆ ವರೆಸ್ಪ್ಲಾಡಿಬ್ ಎಂಬ ಔಷಧ ಸೇರಿಸಿದಾಗ 19 ಜಾತಿಯ ಹಾವುಗಳ ನಂಜಿನಿಂದ ಇಲಿಗಳಿಗೆ ಪೂರ್ತಿಯಾಗಿಯೋ ಅರೆಬರೆಯಾಗಿಯೋ ರಕ್ಷಣೆ ಸಿಕ್ಕಿತೆಂದು 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ನಂಜುಂಡ ಅನ್ನುವ ಹೆಸರು ನಮ್ಮ ಕಡೆ ಮನೆಗೊಂದು. ಆ ಹೆಸರಿನ ಅರ್ಥವನ್ನೇ ಬದುಕಿದವನು ಅಲ್ಲೆಲ್ಲೋ ಇದ್ದ. ಇದನ್ನು ಯಾರೂ ಅನುಕರಿಸಬಾರದು, ಆದರೆ ಮೂಗಿನ ಮೇಲೆ ಬೆರಳಿಡದೆ ಇರುವುದು ಹೇಗೆ?

ವರೆಸ್ಪ್ಲಾಡಿಬ್‌ನ ಕತೆ ಇನ್ನೂ ಸೊಗಸು. ಹೃದ್ರೋಗಕ್ಕೆಂದು ಹೊರಟು, ಪರೀಕ್ಷೆಯಲ್ಲಿ ಸೋತು, ಮೂಲೆಗೆ ಬಿದ್ದಿದ್ದ ಔಷಧ ಅದು. ಹಾವಿನ ನಂಜಿನಲ್ಲಿರುವ ಒಂದು ಮುಖ್ಯ ಕಿಣ್ವವನ್ನು ಅದು ತಡೆಯುತ್ತದೆಂದು 2016ರಲ್ಲಿ ವೈದ್ಯ ಮ್ಯಾಥ್ಯೂ ಲೂಯಿನ್ ಅವರ ತಂಡ ತೋರಿಸಿತು. ಗುಳಿಗೆಯಾಗಿ ನುಂಗಬಹುದಾದ ಮದ್ದು! ಭಾರತದ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಗಳ ಮೇಲೂ ಅದರ ಪರೀಕ್ಷೆ ನಡೆದಿದೆ. ಗದ್ದೆಯಿಂದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಬಾಯಿಗೆ ಹಾಕಿಕೊಳ್ಳುವ ಗುಳಿಗೆ ಬಂದರೆ, ನಾಲೆ ಏರಿಯ ಮೇಲೆ ಬೈಕಿನ ಹಿಂದೆ ಕೂತವನ ಪ್ರತಿ ನಿಮಿಷಕ್ಕೂ ಬೆಲೆ ಬಂದ ಹಾಗೆ.

ಇವೆಲ್ಲ ನಾಳೆಯ ಮದ್ದುಗಳು. ಇಲಿಯನ್ನು ಉಳಿಸಿದ್ದೆಲ್ಲ ಮನುಷ್ಯನನ್ನು ಉಳಿಸಬೇಕೆಂದಿಲ್ಲ, ಮೂರು ಬೆರಳಿನ ನಂಜಿಗೆ ಸಿಕ್ಕ ಬಾಣ ಕೊಳಕುಮಂಡಲದ ಮೇಲೆ ನಡೆಯುವುದಿಲ್ಲ. ಎಲ್ಲರೂ ಬೀಗ ತೆಗೆದಿಟ್ಟಿಲ್ಲ, ಪೇಟೆಂಟಿನ ಗೋಡೆಗಳೂ ಇವೆ. ಆದರೂ ಒಂದು ಗಮನಿಸಿ: ಮದ್ದು ಮಾಡುವವನಿಗೆ ಮೊದಲು ಬೇಕಾದದ್ದು ಯಾವ ಸೀಮೆಯಲ್ಲಿ ಯಾವ ಹಾವು, ಎಷ್ಟು ಕಡಿತ ಎಂಬ ಲೆಕ್ಕ. 2024ರಲ್ಲಿ ಕರ್ನಾಟಕ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಮಂತ್ರ ಹಾಕಿಸಲು ಹೋಗದೆ, ಗಾಯ ಕೊಯ್ಯದೆ, ಹಗ್ಗ ಬಿಗಿಯದೆ, ಕಚ್ಚಿದ ಕಾಲನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಬಂದ ರೈತ ಈಗ ಬರೀ ರೋಗಿಯಲ್ಲ. ಅವನ ಹೆಸರಿಲ್ಲದ ಒಂದು ಗೆರೆ ನಂಜಿನ ನಕ್ಷೆಯನ್ನು ತುಂಬುತ್ತದೆ. ಮುಯ್ಯಾಳುಗಳಲ್ಲಿ ಅವನೂ ಒಬ್ಬ.

ಆರು ಗಂಟೆಯ ಮೇಲೆ

ಮತ್ತೆ ಆ ಪ್ರನಾಳಕ್ಕೆ ಬನ್ನಿ. ರಕ್ತ ನೀರಾಗಿ ಹರಿಯಿತು, ಹತ್ತು ಸೀಸೆ ಮದ್ದು ಏರಿಸಿದರು ಅನ್ನಿ. ಮುಂದಿನ ಪರೀಕ್ಷೆ ಯಾವಾಗ? ಕೂಡಲೇ ಅಲ್ಲ, ಆರು ಗಂಟೆ ಬಿಟ್ಟು. ಯಾಕೆ ಗೊತ್ತೇ? ಮದ್ದು ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ! ಅದು ಮಾಡುವುದು ಒಂದೇ ಕೆಲಸ, ನಂಜನ್ನು ಹಿಡಿದು ನಿಲ್ಲಿಸುವುದು. ಬರಿದಾದ ಬೊಕ್ಕಸವನ್ನು ತುಂಬುವುದು ಕಚ್ಚಿಸಿಕೊಂಡವನ ಪಿತ್ತಜನಕಾಂಗವೇ. ಹೊಸದಾಗಿ ಸಾಮಗ್ರಿ ತಯಾರಿಸಲು ಅದಕ್ಕೆ ಅಷ್ಟು ಹೊತ್ತು ಬೇಕು. ನಂಜನಗೂಡಿನ ದೇವರು ಮಾಡಿದ್ದೂ ಇಷ್ಟೇ ಅಲ್ಲವೇ? ನುಂಗಲಿಲ್ಲ, ಉಗುಳಲಿಲ್ಲ, ಗಂಟಲಲ್ಲೇ ಹಿಡಿದು ನಿಲ್ಲಿಸಿದ. ಉಳಿದದ್ದನ್ನು ಲೋಕ ತಾನೇ ಸರಿಮಾಡಿಕೊಂಡಿತು.

ಆರು ಗಂಟೆಯ ಮೇಲೆ ಮತ್ತೆ 2 ಮಿಲಿಲೀಟರ್, ಮತ್ತೆ ಗಾಜು, ಮತ್ತೆ 20 ನಿಮಿಷ. ನರ್ಸು ಪ್ರನಾಳವನ್ನು ಮೆಲ್ಲಗೆ ಬಗ್ಗಿಸುತ್ತಾರೆ. ಹರಿಯಲಿಲ್ಲ. ಗಿಣ್ಣು! ಹಾಸಿಗೆಯ ಮೇಲಿನವನು ಕಣ್ಣು ಬಿಟ್ಟು ಕೇಳುವುದು, ನಮ್ಮ ಸೀಮೆಯವನೇ ಆದರೆ, ಇಷ್ಟೇ: "ನಮ್ ಸರದಿ ನೀರು ಯಾರು ಕಟ್ಟುದ್ರು?"